ಕೂಲೆಂಟ್ ಡಬ್ಬಿಯಲ್ಲಿ ಕಂದು ಗಸಿ: ಹೆಡ್ ಬಿಚ್ಚಿಸುವ ಮೊದಲು ನೋಡಬೇಕಾದದ್ದು

ಪ್ರಶ್ನೆ: ನಮ್ಮದು 2010ರ ಮಾರುತಿ ಸ್ವಿಫ್ಟ್ ಡೀಸೆಲ್ ಕಾರು. 1.7 ಲಕ್ಷ ಕಿಲೋಮೀಟರ್ ಓಡಿದೆ. ಕಳೆದ ತಿಂಗಳು ಕೂಲೆಂಟ್ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆಲ್ಲ ಕಂದು ಬಣ್ಣದ ದಪ್ಪನೆಯ ಗಸಿ. ಊರಿನ ಮೆಕ್ಯಾನಿಕ್ ಒಬ್ಬರು, ಹೆಡ್ ಗ್ಯಾಸ್ಕೆಟ್ ಹೋಗಿದೆ, ಎಂಜಿನ್ ಬಿಚ್ಚಲೇಬೇಕು ಎನ್ನುತ್ತಾರೆ. ಇನ್ನೊಬ್ಬರು, ಸೋಪಿನ ಪುಡಿ ಹಾಕಿ ತೊಳೆದು ಹೊಸ ಕೂಲೆಂಟ್ ತುಂಬಿದರೆ ಸಾಕು ಎನ್ನುತ್ತಾರೆ. ಎಂಜಿನ್ ಇದುವರೆಗೆ ಅತಿಯಾಗಿ ಬಿಸಿಯಾಗಿಲ್ಲ, ಬಿಳಿ ಹೊಗೆ ಇಲ್ಲ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಎಂದಿನಂತೆ ಕಪ್ಪಾಗಿಯೇ ಇದೆ. ಕೂಲೆಂಟ್ ಕಡಿಮೆಯಾದಾಗಲೆಲ್ಲ ಕೊಳವೆ ಬಾವಿಯ ನೀರನ್ನೇ ತುಂಬಿಸುತ್ತಿದ್ದೆವು. ಎರಡು ವರ್ಷದ ಹಿಂದೆ ರೇಡಿಯೇಟರ್ ಸೋರಿದಾಗ ಪರಿಚಯದ ಲಾರಿ ಚಾಲಕರೊಬ್ಬರು ಅರಿಶಿನ ಪುಡಿ ಹಾಕಿಸಿದ್ದರು. ಈಗ ಏನು ಮಾಡಬೇಕು?
— ಓದುಗರು, ಹೊಸದುರ್ಗ

ಉತ್ತರ: ಮೊದಲನೆಯ ಮೆಕ್ಯಾನಿಕ್ ಹೇಳಿದ್ದು ಸರಿ ಇದ್ದರೂ ಇರಬಹುದು, ಆದರೆ ಅವರು ಪರೀಕ್ಷಿಸದೆ ಹೇಳಿದ್ದಾರೆ. ಎರಡನೆಯವರು ಹೇಳಿದ್ದು ಖಂಡಿತ ತಪ್ಪು. ಗಸಿಯಲ್ಲಿ ಎಂಜಿನ್ ಎಣ್ಣೆ ಇದ್ದರೆ ಅದು ಎಲ್ಲಿಂದ ಬರುತ್ತಿದೆ ಎಂಬುದನ್ನು ಪತ್ತೆ ಮಾಡದೆ ತೊಳೆದರೆ ಹೊಸ ಕೂಲೆಂಟಿನ ಹಣವೂ ಗಸಿಯ ಜೊತೆಗೇ ಹೋಗುತ್ತದೆ. ನೀವು ಬರೆದ ಲಕ್ಷಣಗಳನ್ನು ಒಟ್ಟಿಗೆ ನೋಡಿದಾಗ ನನ್ನ ಅನುಮಾನ ಹೆಡ್ ಗ್ಯಾಸ್ಕೆಟ್ಟಿನ (ಎಂಜಿನ್ನಿನ ಕೆಳಗಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಮೇಲಲ್ಲ, ಎಂಜಿನ್ ಆಯಿಲನ್ನು ತಣ್ಣಗಿಡುವ ಆಯಿಲ್ ಕೂಲರ್ ಮೇಲೆ. ಏಕೆಂದು ಹೇಳುತ್ತೇನೆ. ಆದರೆ ಅದಕ್ಕೂ ಮೊದಲು ಒಂದು ಕೆಲಸ: ಆ ಡಬ್ಬಿಯಲ್ಲಿರುವ ಗಸಿಯನ್ನು ಯಾರಿಗೂ ಚೆಲ್ಲಲು ಬಿಡಬೇಡಿ. ರೋಗ ಹೇಳುವುದು ಅದೇ.

ಮರುದಿನ ಬೆಳಿಗ್ಗೆ, ರಾತ್ರಿಯೆಲ್ಲ ನಿಂತು ತಣ್ಣಗಾದ ಎಂಜಿನ್ನಿನ ಡಬ್ಬಿಯ ಮುಚ್ಚಳ ತೆಗೆಯಿರಿ. ಬಿಸಿಯಾಗಿರುವಾಗ ತೆಗೆಯಬಾರದು ಎಂಬುದನ್ನು ಎಲ್ಲರೂ ಕೇಳಿರುತ್ತಾರೆ, ಆದರೂ ಪ್ರತಿ ಬೇಸಿಗೆಯಲ್ಲೂ ಯಾರಾದರೊಬ್ಬರು ಮುಖ ಸುಟ್ಟುಕೊಳ್ಳುತ್ತಾರೆ. ಬೆಂಗಳೂರಿನ ಎತ್ತರದಲ್ಲಿ ಬರಿಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಹಿಡಿದಿಟ್ಟಿರುವ ಒತ್ತಡದಿಂದಾಗಿ ಮಾತ್ರ ಅದು ನೂರು ದಾಟಿದರೂ ದ್ರವವಾಗಿ ಉಳಿದಿರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಎಲ್ಲವೂ ಹಬೆಯಾಗಿ ಹೊರಗೆ ಚಿಮ್ಮುತ್ತದೆ.

ದೊಡ್ಡ ಸಿರಿಂಜ್ ಒಂದಕ್ಕೆ ಸಣ್ಣ ಕೊಳವೆ ಸಿಕ್ಕಿಸಿ ಡಬ್ಬಿಯ ಮೇಲ್ಭಾಗದಿಂದ ಒಂದಿಷ್ಟು, ತಳದಿಂದ ಒಂದಿಷ್ಟು ಎಳೆದು ಬೇರೆ ಬೇರೆ ಗಾಜಿನ ಸೀಸೆಗಳಲ್ಲಿ ತುಂಬಿ ಒಂದು ರಾತ್ರಿ ಅಲುಗಾಡಿಸದೆ ಇಡಿ. ಎಣ್ಣೆಯಾಗಿದ್ದರೆ ಮೇಲೆ ಪದರವಾಗಿ ನಿಲ್ಲುತ್ತದೆ. ವಾಟರ್ ಪಂಪಿನ ರೆಕ್ಕೆಗಳು ತಿಂಗಳುಗಟ್ಟಲೆ ಕಡೆದು ಹದವಾಗಿ ಬೆರೆಸಿದ್ದರೆ ಪೂರ್ತಿ ಬೇರ್ಪಡದೆ, ಹುರಿಹಿಟ್ಟು ಕಲಸಿದಂತೆ ಮಂದವಾಗಿಯೇ ಉಳಿಯಬಹುದು. ತುಕ್ಕಾಗಿದ್ದರೆ ಕೆಂಗಂದು ಪುಡಿ ತಳಕ್ಕೆ ಇಳಿದು ಮೇಲಿನ ನೀರು ತಿಳಿಯಾಗುತ್ತದೆ. ಸುಣ್ಣವಾಗಿದ್ದರೆ ತಳದಲ್ಲಿ ಬಿಳಿ ಅಥವಾ ಬೂದು ಬಣ್ಣದ ಹರಳು, ಬೆರಳಿಗೆ ಮರಳಿನಂತೆ ತಾಗುತ್ತದೆ. ನಿಮ್ಮ ಸೀಸೆಯಲ್ಲಿ ಹಳದಿ ನಾರಿನಂಥ ಕೆಸರೂ ಕಾಣಿಸಿಕೊಂಡರೆ ಆಶ್ಚರ್ಯವಿಲ್ಲ, ಅದು ಎರಡು ವರ್ಷದ ಹಿಂದಿನ ಅರಿಶಿನ.

ಇನ್ನೂ ಅನುಮಾನವಿದ್ದರೆ ಗಸಿಯ ಒಂದು ಚೂರನ್ನು ಬಿಳಿ ಟಿಶ್ಯೂ ಕಾಗದದ ಮೇಲೆ ಸವರಿ ಬಿಸಿಲಿನಲ್ಲಿಡಿ. ನೀರಿನ ಕಲೆ ಒಣಗಿ ಹೋಗುತ್ತದೆ. ಎಣ್ಣೆಯ ಕಲೆ ಒಣಗುವುದಿಲ್ಲ, ಕಾಗದವನ್ನು ಬೆಳಕಿಗೆ ಹಿಡಿದರೆ ಅಷ್ಟು ಜಾಗ ಮಾತ್ರ ಪಾರದರ್ಶಕವಾಗಿ ಹೊಳೆಯುತ್ತದೆ. ಜೊತೆಗೆ ಮೂಸಿ ನೋಡಿ. ಡೀಸೆಲ್ ವಾಸನೆ ಬೇರೆ, ಸುಟ್ಟ ಹೊಗೆಯ ವಾಸನೆ ಬೇರೆ, ಎಂಜಿನ್ ಆಯಿಲ್ಲಿನ ವಾಸನೆ ಬೇರೆ. ಬಣ್ಣವೂ ಮಾತಾಡುತ್ತದೆ. ಪೆಟ್ರೋಲ್ ಕಾರಿನಲ್ಲಿ ಆಯಿಲ್ ಬೆರೆತ ಕೂಲೆಂಟ್ ಕೆನೆ ಬಣ್ಣಕ್ಕೆ ಬರುವುದುಂಟು. ಡೀಸೆಲ್ಲಿನ ಆಯಿಲ್ ಮಸಿ ಹೊತ್ತು ಮೊದಲೇ ಕಪ್ಪಾಗಿರುವುದರಿಂದ ಇಲ್ಲಿ ಗಸಿ ಗಾಢ ಕಂದು ಅಥವಾ ಬೂದುಗಪ್ಪು ಆಗುತ್ತದೆ. ಆಯಿಲನ್ನು ಇತ್ತೀಚೆಗಷ್ಟೇ ಬದಲಿಸಿದ್ದರೆ ತುಸು ತಿಳಿಯಾಗಿರುತ್ತದೆ. ಹಾಗಾಗಿ ಕಂದು ಬಣ್ಣ ಕಂಡ ಮಾತ್ರಕ್ಕೆ ಅದು ಬರಿಯ ತುಕ್ಕು ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ, ಎಣ್ಣೆ ಎಂದು ಗಾಬರಿಯಾಗುವಂತೆಯೂ ಇಲ್ಲ. ಟಿಶ್ಯೂ ಕಾಗದ ತೀರ್ಮಾನ ಹೇಳುತ್ತದೆ.

ಎಣ್ಣೆಯೇ ಎಂದಾದರೆ ಮುಂದಿನ ಪ್ರಶ್ನೆ, ಎಲ್ಲಿಂದ ಎಂಬುದು. ನಿಮ್ಮ ಕಾರಿನಲ್ಲಿರುವುದು ಫಿಯೆಟ್ ಮೂಲದ 1248 ಸಿಸಿ ಮಲ್ಟಿಜೆಟ್ ಎಂಜಿನ್. ಬ್ಲಾಕ್ ಎರಕದ ಕಬ್ಬಿಣ, ಹೆಡ್ ಅಲ್ಯೂಮಿನಿಯಂ. ಇದೇ ಎಂಜಿನ್ ಬೇರೆ ಬೇರೆ ಹೆಸರಿನಲ್ಲಿ ಟಾಟಾ ಮತ್ತು ಫಿಯೆಟ್ ಕಾರುಗಳಲ್ಲೂ ಇತ್ತು. ಮಾರುತಿ 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರುಗಳ ಮಾರಾಟ ನಿಲ್ಲಿಸುವವರೆಗೂ ಓಡಿದ್ದರಿಂದ ಬಿಡಿಭಾಗಗಳಿಗೆ ಬರವಿಲ್ಲ. ಇದರ ಆಯಿಲ್ ಫಿಲ್ಟರ್ ಕೂರುವ ಅಲ್ಯೂಮಿನಿಯಂ ಜೋಡಣೆಗೆ ಒಂದು ಸಣ್ಣ ಆಯಿಲ್ ಕೂಲರ್ ಅಂಟಿಕೊಂಡಿದೆ. ತೆಳು ಲೋಹದ ತಟ್ಟೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಸೆದ ಪೆಟ್ಟಿಗೆ ಅದು. ಒಂದು ಸಂದಿಯಲ್ಲಿ ಬಿಸಿ ಆಯಿಲ್, ಪಕ್ಕದ ಸಂದಿಯಲ್ಲಿ ಕೂಲೆಂಟ್. ಎರಡನ್ನೂ ಬೇರ್ಪಡಿಸುವುದು ಆ ತೆಳು ತಟ್ಟೆ ಮತ್ತು ಅಂಚಿನ ರಬ್ಬರ್ ಸೀಲ್. ದಶಕ ಕಳೆದ ಮೇಲೆ, ಅದರಲ್ಲೂ ಗಡಸು ನೀರು ಕುಡಿದ ಎಂಜಿನ್ನಿನಲ್ಲಿ, ತಟ್ಟೆ ತೂತಾಗುವುದೂ ಸೀಲ್ ಗಟ್ಟಿಯಾಗಿ ಬಿರುಕು ಬಿಡುವುದೂ ಅಪರೂಪವಲ್ಲ.

ಈಗ ಒತ್ತಡದ ಲೆಕ್ಕ ನೋಡಿ. ಕಾರು ಓಡುವಾಗ ಆಯಿಲಿನ ಒತ್ತಡ ಸುಮಾರು 3ರಿಂದ 4 ಬಾರ್. ಕೂಲೆಂಟಿನ ಒತ್ತಡ 1 ಬಾರ್ ಆಸುಪಾಸು. ನಡುವಿನ ಗೋಡೆ ತೂತಾದರೆ ಹೆಚ್ಚು ಒತ್ತಡವಿರುವುದು ಕಡಿಮೆ ಒತ್ತಡದ ಕಡೆಗೆ ನುಗ್ಗುತ್ತದೆ, ಅಂದರೆ ಆಯಿಲ್ ಕೂಲೆಂಟಿಗೆ. ಕೂಲೆಂಟ್ ಆಯಿಲಿಗೆ ಹೋಗುವುದು ಎಂಜಿನ್ ನಿಲ್ಲಿಸಿದ ಮೇಲೆ ಒಂದಿಷ್ಟು ಹೊತ್ತು ಮಾತ್ರ, ಅದೂ ತೂತು ದೊಡ್ಡದಿದ್ದರೆ. ನಿಮ್ಮಲ್ಲಿ ಡಬ್ಬಿ ತುಂಬ ಗಸಿ ಇದ್ದೂ ಡಿಪ್‌ಸ್ಟಿಕ್ಕಿನ ಆಯಿಲ್ ಕೆಡದೇ ಇರುವುದು ಈ ಚಿತ್ರಕ್ಕೆ ಸರಿಯಾಗಿ ಹೊಂದುತ್ತದೆ.

ಹೆಡ್ ಗ್ಯಾಸ್ಕೆಟ್ ನಿರಪರಾಧಿ ಎಂದು ಇಷ್ಟಕ್ಕೇ ಬಿಡುಗಡೆ ಮಾಡಲಾಗದು. ಬ್ಲಾಕಿನಿಂದ ಮೇಲಿನ ಕ್ಯಾಮ್‌ಶಾಫ್ಟಿಗೆ ಒತ್ತಡದ ಆಯಿಲ್ ಹೋಗುವ ದಾರಿ ಗ್ಯಾಸ್ಕೆಟ್ಟನ್ನು ದಾಟಿಯೇ ಹೋಗುತ್ತದೆ. ಆ ಜಾಗದಲ್ಲಿ ಮಾತ್ರ ಗ್ಯಾಸ್ಕೆಟ್ ಕೆಟ್ಟರೆ ಇದೇ ಲಕ್ಷಣ ಕಾಣುತ್ತದೆ. ಆದರೆ ಹೆಡ್ ಗ್ಯಾಸ್ಕೆಟ್ ಸಾಮಾನ್ಯವಾಗಿ ಕೆಡುವುದು ಸಿಲಿಂಡರಿನ ಅಂಚಿನಲ್ಲಿ, ಉರಿಯುವ ಅನಿಲದ ಹೊಡೆತ ಬೀಳುವಲ್ಲಿ. ಆಗ ಕೂಲೆಂಟಿಗೆ ಸೇರುವುದು ಎಣ್ಣೆಗಿಂತ ಹೆಚ್ಚಾಗಿ ಅನಿಲ. ಅದನ್ನು ಪತ್ತೆ ಹಚ್ಚಲು ಹೆಡ್ ಬಿಚ್ಚಬೇಕಾಗಿಲ್ಲ.

ತಣ್ಣಗಿರುವ ಎಂಜಿನ್ನಿನ ಮುಚ್ಚಳ ಒಮ್ಮೆ ತೆಗೆದು ಒತ್ತಡ ಬಿಟ್ಟು ಮತ್ತೆ ಬಿಗಿದು, ರೇಡಿಯೇಟರಿನ ಮೇಲಿನ ಹೋಸನ್ನು ಕೈಯಲ್ಲಿ ಹಿಡಿದುಕೊಂಡು ಇನ್ನೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಬೆಲ್ಟಿನಿಂದ ತೋಳು ದೂರವಿರಲಿ. ಮೊದಲ ಒಂದೆರಡು ನಿಮಿಷ ನೀರು ಇನ್ನೂ ಬಿಸಿಯಾಗಿರುವುದಿಲ್ಲ, ಒತ್ತಡ ಏರಲು ಕಾರಣವೇ ಇಲ್ಲ. ಆದರೂ ಹೋಸ್ ಹಿಚುಕಲಾಗದಷ್ಟು ಗಟ್ಟಿಯಾದರೆ ಸಿಲಿಂಡರಿನ ಅನಿಲ ಒಳಗೆ ಬರುತ್ತಿದೆ. ಮೆತ್ತಗೇ ಉಳಿದು, ಎಂಜಿನ್ ಬಿಸಿಯಾದಂತೆ ನಿಧಾನವಾಗಿ ಬಿಗಿಯಾದರೆ ಅದು ಸಹಜ. ಇದಾದ ಮೇಲೆ ಡಬ್ಬಿಯ ಬಾಯಿಗೆ ನೀಲಿ ದ್ರವದ ಗಾಜಿನ ಕೊಳವೆ ಇಟ್ಟು ಮಾಡುವ ಅನಿಲ ಪರೀಕ್ಷೆಯೂ ಇದೆ. ಇಂಗಾಲದ ಡೈಆಕ್ಸೈಡ್ ತಗುಲಿದರೆ ನೀಲಿ ಬಣ್ಣ ಬದಲಾಗುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪೂರ್ತಿ ಹಳದಿಯಾಗುತ್ತದೆ. ಡೀಸೆಲ್ ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುವಾಗ, ಹೆಚ್ಚುವರಿ ಗಾಳಿಯನ್ನು ಎಳೆದುಕೊಳ್ಳುವುದರಿಂದ ಆ ಅನಿಲದ ಪ್ರಮಾಣ ಕಡಿಮೆ, ಬಣ್ಣ ಹಸಿರಿಗೆ ತಿರುಗಿದರೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಐಡಲ್‌ನಲ್ಲೇ ನೋಡಿ ಏನೂ ಇಲ್ಲ ಎಂದುಬಿಡುವವರಿದ್ದಾರೆ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಒಂದಷ್ಟು ಹೊತ್ತು ವೇಗ ಏರಿಸಿ ಹಿಡಿದು ನೋಡಬೇಕು. ಡಬ್ಬಿಯ ದ್ರವವೇ ಕೊಳವೆಗೆ ಎಳೆದುಕೊಂಡರೆ ಪರೀಕ್ಷೆ ಕೆಟ್ಟಿತು, ಹಾಗಾಗಿ ಮಟ್ಟ ಸ್ವಲ್ಪ ಇಳಿಸಿಟ್ಟುಕೊಳ್ಳಿ.

ಡಿಪ್‌ಸ್ಟಿಕ್ಕಿನ ಆಯಿಲ್ ಕಪ್ಪಾಗಿದೆ ಎಂದಷ್ಟೇ ನೆಚ್ಚಿಕೊಳ್ಳಬೇಡಿ. ಅದರ ಒಂದು ಹನಿಯನ್ನು ಚೆನ್ನಾಗಿ ಕಾದ ಹಳೆಯ ತವದ ಮೇಲೆ ಬಿಡಿ, ಆಮೇಲೆ ಆ ತವ ಅಡುಗೆಗೆ ಬೇಡ. ನೀರಿನ ಅಂಶವಿದ್ದರೆ ಚಟಪಟ ಸಿಡಿಯುತ್ತದೆ. ಇಲ್ಲದಿದ್ದರೆ ಸುಮ್ಮನೆ ಹರಡಿ ಹೊಗೆಯಾಡುತ್ತದೆ. ಕೂಲೆಂಟಿನಲ್ಲಿರುವ ಗ್ಲೈಕಾಲ್ ಆಯಿಲಿಗೆ ಸೇರಿದರೆ ಬೇರಿಂಗುಗಳು ಸವೆಯುವುದು ಬಹಳ ಬೇಗ, ಆದ್ದರಿಂದ ಸಿಡಿದರೆ ಕಾರನ್ನು ಓಡಿಸುವುದನ್ನು ಅಲ್ಲಿಗೇ ನಿಲ್ಲಿಸಿ.

ಅನಿಲದ ಸುಳಿವು ಇಲ್ಲ, ಆಯಿಲಿನಲ್ಲಿ ನೀರಿಲ್ಲ ಎಂದಾದರೆ ಆಯಿಲ್ ಕೂಲರನ್ನು ಬಿಚ್ಚಿಸಿ. ಹೆಡ್ ಬಿಚ್ಚುವ ಕೆಲಸದ ಮುಂದೆ ಇದು ತೀರಾ ಸಣ್ಣದು. ಈ ಎಂಜಿನ್ನಿನಲ್ಲಿ ಟೈಮಿಂಗ್ ಚೈನ್ ಇರುವುದರಿಂದ ಹೆಡ್ ಎತ್ತುವುದೆಂದರೆ ಚೈನ್, ಇಂಜೆಕ್ಟರ್, ಟರ್ಬೋ ಪೈಪುಗಳೆಲ್ಲ ಕೈಗೆ ಬರುತ್ತವೆ. ಸಣ್ಣದನ್ನು ಮೊದಲು ನೋಡದೆ ದೊಡ್ಡದಕ್ಕೆ ಕೈ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಬಿಚ್ಚಿದ ಕೂಲರನ್ನು ಕಣ್ಣಿನಿಂದ ನೋಡಿ ಚೆನ್ನಾಗಿದೆ ಎಂದು ಮತ್ತೆ ಕೂರಿಸಬಾರದು. ಅದರ ಕೂಲೆಂಟ್ ಬಾಯಿಗಳನ್ನು ಮುಚ್ಚಿ, ಆಯಿಲ್ ಕಡೆಯಿಂದ ನಿಯಂತ್ರಿತವಾಗಿ ಗಾಳಿಯ ಒತ್ತಡ ಕೊಟ್ಟು, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಬೇಕು. ತಣ್ಣೀರಿನಲ್ಲಿ ಕಾಣದ ಕೂದಲೆಳೆಯ ಬಿರುಕು ಲೋಹ ಬಿಸಿಯಾಗಿ ಹಿಗ್ಗಿದಾಗ ಬಾಯಿ ಬಿಡುತ್ತದೆ. ಗುಳ್ಳೆ ಒಂದೇ ಜಾಗದಿಂದ ಎಳೆಯಾಗಿ ಎದ್ದರೆ ಕಳ್ಳ ಸಿಕ್ಕಿದ. ಗುಳ್ಳೆ ಬಾರದಿದ್ದರೆ ಸೀಲುಗಳನ್ನು ನೋಡಿ: ಉಗುರಿನಿಂದ ಒತ್ತಿದರೆ ಕುಗ್ಗಿ ಮತ್ತೆ ಎದ್ದು ಬರಬೇಕು, ಗುರುತು ಹಾಗೆಯೇ ಉಳಿದರೆ ಅದರ ಆಯುಷ್ಯ ಮುಗಿದಿದೆ. ನನ್ನ ಸಲಹೆ ಕೇಳಿದರೆ, ಇಷ್ಟು ಹಳೆಯ ಕಾರಿನಲ್ಲಿ ಕೂಲರ್ ಒಮ್ಮೆ ಕೈಗೆ ಬಂದ ಮೇಲೆ ಹೊಸದನ್ನೇ ಹಾಕುವುದು ಲೇಸು. ಬೆಸುಗೆ ಹಾಕಿಸುವುದು, ಎಂ-ಸೀಲ್ ಹಚ್ಚುವುದು ಈ ಜಾಗದಲ್ಲಿ ನಿಲ್ಲುವುದಿಲ್ಲ.

ಇನ್ನುಳಿದ ದಾರಿಗಳು ನಿಮ್ಮ ಮಟ್ಟಿಗೆ ದೂರದವು. ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಎಷ್ಟೋ ಕಾರುಗಳಲ್ಲಿ ಗೇರ್ ಆಯಿಲ್ ರೇಡಿಯೇಟರಿನೊಳಗೇ ತಣ್ಣಗಾಗುವುದರಿಂದ ಅಲ್ಲಿಂದಲೂ ಬೆರೆಯಬಹುದು, ನಿಮ್ಮದು ಮ್ಯಾನುಯಲ್. ಎಂಜಿನ್ನಿಗೆ ಮರಳಿ ಕಳುಹಿಸುವ ಹೊಗೆಯನ್ನು ಕೂಲೆಂಟಿನಿಂದ ತಣಿಸುವ ಇಜಿಆರ್ ಕೂಲರ್ ತೂತಾದರೆ ಮಸಿ ಕೂಲೆಂಟಿಗೂ, ಕೂಲೆಂಟ್ ಎಂಜಿನ್ನಿಗೂ ಹೋಗಿ ಬಿಳಿ ಹೊಗೆ ಬರುತ್ತದೆ, ನಿಮ್ಮಲ್ಲಿ ಹೊಗೆಯಿಲ್ಲ.

ಕೊಳವೆ ಬಾವಿಯ ನೀರಿನ ವಿಷಯಕ್ಕೆ ಬರೋಣ, ಏಕೆಂದರೆ ನಿಮ್ಮ ಎಣ್ಣೆಯ ಸಮಸ್ಯೆ ಬಗೆಹರಿದರೂ ಇದು ಬಗೆಹರಿಯುವುದಿಲ್ಲ. ಚಿತ್ರದುರ್ಗ, ತುಮಕೂರು, ಕೋಲಾರದ ಕಡೆಯ ಬೋರ್ ನೀರನ್ನು ಸ್ನಾನದ ಹಂಡೆಯಲ್ಲಿ ಕಾಯಿಸಿದವರಿಗೆ ತಳದಲ್ಲಿ ಕಟ್ಟುವ ಬಿಳಿ ಪರೆ ಗೊತ್ತು. ಉಪ್ಪು, ಸಕ್ಕರೆ ಬಿಸಿ ನೀರಿನಲ್ಲಿ ಹೆಚ್ಚು ಕರಗುತ್ತವೆ. ನೀರಿನ ಸುಣ್ಣದ ಅಂಶ ಇದಕ್ಕೆ ತದ್ವಿರುದ್ಧ, ಬಿಸಿಯಾದಷ್ಟೂ ನೀರನ್ನು ಬಿಟ್ಟು ಹೊರಬರುತ್ತದೆ. ಅಂದರೆ ಎಂಜಿನ್ನಿನೊಳಗೆ ಅದು ಕಟ್ಟುವುದು ಎಲ್ಲಿ ಅತಿ ಹೆಚ್ಚು ಬಿಸಿಯಿದೆಯೋ ಅಲ್ಲಿ: ಹೆಡ್ಡಿನಲ್ಲಿ, ಹೊಗೆ ಹೊರಹೋಗುವ ವಾಲ್ವುಗಳ ಸುತ್ತ. ಪರೆ ಶಾಖವನ್ನು ಸರಿಯಾಗಿ ಸಾಗಿಸುವುದಿಲ್ಲ. ಹಾಗಾಗಿ ಡ್ಯಾಶ್‌ಬೋರ್ಡಿನ ಸೂಚಕ ಸರಿಯಾದ ತಾಪಮಾನ ತೋರಿಸುತ್ತಿರುವಾಗಲೇ ಆ ಒಂದು ಜಾಗದ ಲೋಹ ಬೇಯುತ್ತಿರುತ್ತದೆ. ಕೆಲವು ಕೂಲೆಂಟುಗಳಲ್ಲಿರುವ ಫಾಸ್ಫೇಟ್ ಕೂಡ ಗಡಸು ನೀರಿನ ಕ್ಯಾಲ್ಸಿಯಂ ಜೊತೆ ಸೇರಿ ಬಿಳಿ ಕೆಸರಾಗಿ ಕೆಳಗಿಳಿಯುತ್ತದೆ. ಇನ್ನು ಪದೇ ಪದೇ ನೀರನ್ನೇ ಸೇರಿಸಿದ್ದರಿಂದ ತುಕ್ಕು ತಡೆಯುವ ರಾಸಾಯನಿಕಗಳು ತೆಳುವಾಗಿ, ಕಬ್ಬಿಣದ ಬ್ಲಾಕ್ ಒಳಗೊಳಗೇ ತುಕ್ಕು ಹಿಡಿದಿರುತ್ತದೆ.

ಅರಿಶಿನದ ಬಗ್ಗೆ ಎರಡು ಮಾತು. ಹಳೆಯ ಲಾರಿಗಳ ಹಿತ್ತಾಳೆ ರೇಡಿಯೇಟರುಗಳಲ್ಲಿ, ರಾತ್ರಿ ಹೊತ್ತು ನಡುದಾರಿಯಲ್ಲಿ, ಅದು ಊರು ಮುಟ್ಟಿಸಿದ ಉಪಾಯ. ಅದನ್ನು ಕಂಡುಹಿಡಿದವರ ಜಾಣತನವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಊರು ಮುಟ್ಟಿದ ಮೇಲೆ ಅದನ್ನು ತೊಳೆದು ತೆಗೆಯಬೇಕಿತ್ತು. ಈಗಿನ ಅಲ್ಯೂಮಿನಿಯಂ ರೇಡಿಯೇಟರಿನ ಚಪ್ಪಟೆ ಕೊಳವೆಗಳು ಬಹಳ ಕಿರಿದು, ಹೀಟರಿನ ಕೊಳವೆಗಳು ಇನ್ನೂ ಕಿರಿದು. ತೂತನ್ನು ಮುಚ್ಚಿದ ಪುಡಿ ದಾರಿಯನ್ನೂ ಮುಚ್ಚುತ್ತದೆ.

ಈಗ ಶುಚಿಗೊಳಿಸುವ ಕ್ರಮ. ಹೊಸ ಆಯಿಲ್ ಕೂಲರ್ ಕೂರಿಸಿದ ಮೇಲೆಯೇ ಇದನ್ನು ಶುರು ಮಾಡಬೇಕು. ಅದರ ಜೊತೆಗೆ ಎಂಜಿನ್ ಆಯಿಲನ್ನೂ ಫಿಲ್ಟರನ್ನೂ ಬದಲಿಸಿಬಿಡಿ.

ಕೆಳಗಿನ ಹೋಸ್ ಬಿಚ್ಚಿ ಹಳೆಯದನ್ನು ಅಗಲವಾದ ಟಬ್ಬಿನಲ್ಲಿ ಹಿಡಿಯಿರಿ. ನೆಲಕ್ಕಾಗಲಿ ಚರಂಡಿಗಾಗಲಿ ಬಿಡಬೇಡಿ. ಎಥಿಲೀನ್ ಗ್ಲೈಕಾಲ್ ಸಿಹಿ, ನಾಯಿ, ದನ ನೆಕ್ಕುತ್ತವೆ, ಮಕ್ಕಳೂ ಬಾಯಿಗೆ ಹಾಕಿಕೊಳ್ಳಬಹುದು, ಸ್ವಲ್ಪವೇ ಸಾಕು ಮೂತ್ರಪಿಂಡ ಹಾಳಾಗಲು. ಕ್ಯಾನಿಗೆ ತುಂಬಿ ಬಾಯಿ ಮುಚ್ಚಿ, ಬಳಸಿದ ಆಯಿಲನ್ನು ಪರವಾನಗಿ ಇರುವ ಸಂಗ್ರಹಕಾರರಿಗೆ ಕೊಡುವ ಗ್ಯಾರೇಜಿಗೆ ಒಪ್ಪಿಸಿ.

ಡಬ್ಬಿಯನ್ನು ಪೂರ್ತಿ ಹೊರತೆಗೆಯಿರಿ. ಒಂದು ಹಿಡಿ ಅಕ್ಕಿ, ಪಾತ್ರೆ ತೊಳೆಯುವ ದ್ರವ, ಬಿಸಿ ನೀರು ಹಾಕಿ ಬಾಯಿ ಮುಚ್ಚಿ ಕುಲುಕಿದರೆ ಬ್ರಷ್ ತಲುಪದ ಮೂಲೆಗಳೂ ಶುಚಿಯಾಗುತ್ತವೆ. ಅಕ್ಕಿಕಾಳು ಒಂದೂ ಉಳಿಯದಂತೆ ತೊಳೆಯಿರಿ. ಪ್ಲಾಸ್ಟಿಕ್ ಹಳದಿಯಾಗಿ ಬಿರುಕು ಬಿಟ್ಟಿದ್ದರೆ ತೊಳೆಯುವ ಶ್ರಮವೇ ಬೇಡ, ಹೊಸದು ಹಾಕಿ. ಮುಚ್ಚಳ ಹೇಗೂ ಹೊಸದಾಗಲಿ, ಅದರ ಸೀಲ್ ಎಣ್ಣೆಯಲ್ಲಿ ನೆನೆದಿದೆ.

ಎಂಜಿನ್ನಿಗೆ ಪಾತ್ರೆ ತೊಳೆಯುವ ಆ ದ್ರವ ಬೇಡ, ಸೋಪಿನ ಪುಡಿಯಂತೂ ಬೇಡವೇ ಬೇಡ. ವಾಟರ್ ಪಂಪ್ ಅದನ್ನು ನೊರೆ ಮಾಡಿಬಿಡುತ್ತದೆ. ನೊರೆ ಎಂದರೆ ಗಾಳಿ, ಗಾಳಿ ಸಿಕ್ಕಿಕೊಂಡಲ್ಲಿ ಲೋಹ ಒಣಗಿ ಕಾಯುತ್ತದೆ, ತೊಳೆಯಲು ಹೋಗಿ ಹೆಡ್ ಬಾಗಿಸಿಕೊಂಡಂತೆ ಆಗುತ್ತದೆ. ಎಣ್ಣೆ ತೆಗೆಯಲೆಂದೇ ಬರುವ ರೇಡಿಯೇಟರ್ ಫ್ಲಶ್ ದ್ರವ, ಅಲ್ಯೂಮಿನಿಯಂಗೆ ಸುರಕ್ಷಿತ ಎಂದು ಬರೆದಿರುವುದು ಸಿಕ್ಕರೆ ಅದೇ ಉತ್ತಮ. ಸಿಗದಿದ್ದರೆ ಮುಂಬಾಗಿಲಿನ ವಾಷಿಂಗ್ ಮೆಷಿನ್ನಿಗೆ ಬಳಸುವ, ನೊರೆ ಕಡಿಮೆಯಿರುವ ದ್ರವ ಮಾರ್ಜಕವನ್ನು ಮಿತವಾಗಿ ಬಳಸಬಹುದು. ಪಾತ್ರೆ ತೊಳೆಯುವ ಯಂತ್ರದ ಪುಡಿ ಎಣ್ಣೆಯನ್ನು ಚೆನ್ನಾಗಿ ತೆಗೆಯುತ್ತದೆ ನಿಜ, ಆದರೆ ಅದರ ಕ್ಷಾರ ಅಲ್ಯೂಮಿನಿಯಂ ಅನ್ನೂ ತಿನ್ನುತ್ತದೆ. ಕಾಸ್ಟಿಕ್ ಸೋಡಾ ಮತ್ತು ಶೌಚಾಲಯದ ಆ್ಯಸಿಡ್ ಹಾಕುತ್ತೇವೆ ಎನ್ನುವ ಗ್ಯಾರೇಜಿನಿಂದ ಕಾರನ್ನು ಹೊರಗೆ ತನ್ನಿ.

ತಣ್ಣಗಿರುವ ಎಂಜಿನ್ನಿಗೆ ಉಗುರು ಬೆಚ್ಚಗಿನ ನೀರೂ ಫ್ಲಶ್ ದ್ರವವೂ ತುಂಬಿ, ಒಳಗಿನ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಸ್ಟಾರ್ಟ್ ಮಾಡಿ. ಇಲ್ಲಿ ಒಂದು ತೊಡಕಿದೆ. ಸಣ್ಣ ಡೀಸೆಲ್ ಎಂಜಿನ್ ನಿಂತಲ್ಲೇ ಐಡಲ್ ಓಡಿದರೆ ಬೇಗ ಬಿಸಿಯಾಗುವುದೇ ಇಲ್ಲ. ಬಿಸಿಯಾದ ಮೇಲಷ್ಟೇ ತೆರೆಯುವ ಕವಾಟ, ಅಂದರೆ ತರ್ಮೋಸ್ಟಾಟ್ ತೆರೆಯದಿದ್ದರೆ ದ್ರವ ರೇಡಿಯೇಟರಿಗೆ ಹೋಗುವುದಿಲ್ಲ, ನೀವು ಅರ್ಧ ಎಂಜಿನ್ ಮಾತ್ರ ತೊಳೆದಂತೆ. ಹಳೆಯ ಎಂಜಿನ್ನುಗಳಲ್ಲಿ ತರ್ಮೋಸ್ಟಾಟನ್ನು ಕಿತ್ತಿಟ್ಟು ತೊಳೆಯುತ್ತಿದ್ದೆವು. ನಿಮ್ಮದರಲ್ಲಿ ಅದು ಹೊರಕವಚದೊಂದಿಗೆ ಒಂದೇ ತುಂಡಾಗಿ ಬರುತ್ತದೆ. ಹಾಗಾಗಿ 2000 ಆರ್‌ಪಿಎಂ ಹತ್ತಿರ ಹಿಡಿದು, ಇಲ್ಲವೇ ಊರೊಳಗೆ ನಿಧಾನವಾಗಿ ಒಂದು ಸುತ್ತು ಹೊಡೆದು, ರೇಡಿಯೇಟರಿನ ಎರಡೂ ಹೋಸುಗಳು ಬಿಸಿಯಾಗುವವರೆಗೆ ಓಡಿಸಬೇಕು. ಆಮೇಲೆ ಹತ್ತು ಹದಿನೈದು ನಿಮಿಷ ಸಾಕು. ಕೈ ಸುಡದಷ್ಟು ಆರಲು ಬಿಟ್ಟು, ಪೂರ್ತಿ ತಣ್ಣಗಾಗುವ ಮೊದಲೇ ಹೊರಬಿಡಿ, ತಣ್ಣಗಾದರೆ ಜಿಡ್ಡು ಮತ್ತೆ ಗೋಡೆಗೆ ಅಂಟಿಕೊಳ್ಳುತ್ತದೆ. ಮತ್ತೆ ತುಂಬುವ ನೀರು ಬೆಚ್ಚಗೇ ಇರಲಿ. ಕಾದ ಹೆಡ್ಡಿಗೆ ತಣ್ಣೀರು ಸುರಿದು ಬಿರುಕು ಬಿಡಿಸಿಕೊಂಡವರು ಬೇಕಾದಷ್ಟಿದ್ದಾರೆ.

ಒಂದೇ ಸಲಕ್ಕೆ ಶುಚಿಯಾಗುವುದಿಲ್ಲ. ನಿಮ್ಮಷ್ಟು ಗಸಿ ಇದ್ದರೆ ಐದಾರು ಬಾರಿ ಆಗಬಹುದು, ಇನ್ನೂ ಹೆಚ್ಚಾದರೂ ಬೇಸರ ಬೇಡ. ಪ್ರತಿ ಸಲ ಹೊರಬಂದ ನೀರನ್ನು ಗಾಜಿನ ಸೀಸೆಯಲ್ಲಿ ಹಿಡಿದು ಹೋಲಿಸಿ. ಮೇಲೆ ಬಣ್ಣಬಣ್ಣದ ಎಣ್ಣೆ ಪೊರೆ ಕಾಣದಾದಾಗ ಮಾರ್ಜಕ ನಿಲ್ಲಿಸಿ, ಬರಿಯ ನೀರಿನಲ್ಲಿ ನೊರೆ ಹೋಗುವವರೆಗೆ ತೊಳೆಯಿರಿ. ರೇಡಿಯೇಟರನ್ನು ಬಿಚ್ಚಿ, ದ್ರವ ಹರಿಯುವ ದಿಕ್ಕಿಗೆ ವಿರುದ್ಧವಾಗಿ ಕಡಿಮೆ ಒತ್ತಡದ ನೀರು ಹಾಯಿಸಿದರೆ ಅರಿಶಿನದ ಕೆಸರು ಹೊರಬೀಳುತ್ತದೆ. ಹೀಟರಿಗೂ ಹಾಗೆಯೇ ಮಾಡಿ. ಕಾರು ತೊಳೆಯುವ ಜೆಟ್ ಬೇಡ, ಪ್ಲಾಸ್ಟಿಕ್ ತೊಟ್ಟಿ ಕಳಚಿಕೊಳ್ಳುತ್ತದೆ. ಕೊಳವೆಗಳಿಗೆ ಕಡ್ಡಿ ತೂರಿಸಿ ಕೆರೆಯುವುದು ಹಿತ್ತಾಳೆ ರೇಡಿಯೇಟರಿನ ಕಾಲದ ವಿದ್ಯೆ, ಅಲ್ಯೂಮಿನಿಯಂಗೆ ಅದು ಹೊಂದದು. ತಲೆಕೆಳಗು ಹಾಯಿಸಿದರೂ ನೀರು ಸರಾಗವಾಗಿ ಬಾರದಿದ್ದರೆ ಹೊಸ ರೇಡಿಯೇಟರಿಗೆ ಹಣ ಎತ್ತಿಡಿ.

ಸುಣ್ಣ ತೆಗೆಯುವುದು ಇದೆಲ್ಲ ಆದ ಮೇಲೆ. ಕ್ರಮ ತಪ್ಪಿಸಬೇಡಿ. ಪರೆಯ ಮೇಲೆ ಎಣ್ಣೆ ಸವರಿಕೊಂಡಿರುವಾಗ ಆಮ್ಲ ಅದನ್ನು ಮುಟ್ಟುವುದೇ ಇಲ್ಲ. ಸೀಸೆಯ ತಳದಲ್ಲಿ ಬಿಳಿ ಹರಳು ಕಂಡಿದ್ದರೆ ಮಾತ್ರ, ದಿನಸಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಮ್ಲವನ್ನು ಲೀಟರಿಗೆ 20 ಗ್ರಾಂ ಲೆಕ್ಕದಲ್ಲಿ ಕರಗಿಸಿ ಒಂದು ಸುತ್ತು ಬಿಸಿ ಮಾಡಿ ಹೊರಬಿಡಿ. ರಾತ್ರಿಯಿಡೀ ಬಿಡಬೇಡಿ. ನಂತರ ಅಡುಗೆ ಸೋಡಾ ಸ್ವಲ್ಪ ಬೆರೆಸಿದ ನೀರು, ಆಮೇಲೆ ಬರಿಯ ನೀರು. ಒಂದು ಎಚ್ಚರಿಕೆ: ಪರೆ ಮುಚ್ಚಿಟ್ಟಿದ್ದ ಹಳೆಯ ತೂತುಗಳು ಈಗ ಬಯಲಾಗಬಹುದು. ವಾಟರ್ ಪಂಪ್ ಸೋರಲು ಶುರುವಾದರೆ ತೊಳೆದದ್ದೇ ತಪ್ಪಾಯಿತು ಎಂದು ಯಾರಾದರೂ ಹೇಳುತ್ತಾರೆ. ಅದು ಮೊದಲೇ ಹೋಗಿತ್ತು.

ರಬ್ಬರಿನ ವಿಷಯವನ್ನು ಎಷ್ಟೋ ಗ್ಯಾರೇಜುಗಳು ಮರೆಯುತ್ತವೆ. ಕೂಲೆಂಟ್ ಹೋಸುಗಳ ಇಪಿಡಿಎಂ ರಬ್ಬರ್ ಬಿಸಿ ನೀರಿಗೆ ವರ್ಷಗಟ್ಟಲೆ ಬಗ್ಗುವುದಿಲ್ಲ, ಆದರೆ ಎಣ್ಣೆಯನ್ನು ಹೀರಿಕೊಂಡು ಊದುತ್ತದೆ. ಕ್ಲಿಪ್ಪಿನ ಪಕ್ಕದಲ್ಲಿ ಹೋಸನ್ನು ಹಿಚುಕಿ ನೋಡಿ. ಅಲ್ಲಿ ಮೆತ್ತಗಾಗಿ ಬೆರಳಿಗೆ ಕಪ್ಪು ಅಂಟಿಕೊಂಡರೆ, ಕ್ಲಿಪ್ಪಿನ ಆಚೀಚೆ ಉಬ್ಬಿದ್ದರೆ, ಒಳಗೋಡೆ ಮುಟ್ಟಿದಾಗ ಪದರ ಎದ್ದು ಬಂದರೆ ಬದಲಿಸಲೇಬೇಕು. ತೊಳೆದರೆ ಹೊರಗಿನ ಜಿಡ್ಡು ಹೋಗುತ್ತದೆ, ರಬ್ಬರಿನೊಳಗೆ ಇಳಿದದ್ದು ಹೋಗುವುದಿಲ್ಲ. ಇಂಥ ಹೋಸ್ ಊರೊಳಗೆ ತಿಂಗಳುಗಟ್ಟಲೆ ಸುಮ್ಮನಿದ್ದು, ತುಂಬಿದ ಕಾರು ಚಾರ್ಮಾಡಿ ಘಾಟಿ ಏರುವಾಗ ಒಡೆಯುತ್ತದೆ. ಮೇಲಿನದು, ಕೆಳಗಿನದು, ಹೀಟರಿನ ಎರಡು, ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಕೊನೆಯ ಬಾರಿ ತೊಳೆಯುವ ನೀರು ಖನಿಜ ತೆಗೆದ ನೀರೇ ಆಗಿರಲಿ. ಬ್ಯಾಟರಿ ಅಂಗಡಿಯಲ್ಲಿ ಬ್ಯಾಟರಿ ನೀರು ಎಂದು ಕ್ಯಾನಿನಲ್ಲಿ ಸಿಗುವುದು ಅದೇ. ಬ್ಯಾಟರಿ ಆ್ಯಸಿಡ್ ಬೇರೆ, ಕೇಳಿ ತೆಗೆದುಕೊಳ್ಳಿ. ಮನೆಯ ಆರ್‌ಒ ನೀರು ಬೋರ್ ನೀರಿಗಿಂತ ಎಷ್ಟೋ ಮೇಲು, ಆದರೆ ರುಚಿಗೆಂದು ಅದರಲ್ಲಿ ಖನಿಜ ಉಳಿಸಿರುತ್ತಾರೆ.

ಹೊಸ ಕೂಲೆಂಟ್ ತುಂಬುವಾಗ ಒಂದು ಲೆಕ್ಕ ತಪ್ಪುವುದುಂಟು. ಎಷ್ಟೇ ಖಾಲಿ ಮಾಡಿದರೂ ಬ್ಲಾಕಿನಲ್ಲಿ ತೊಳೆದ ನೀರು ಉಳಿದಿರುತ್ತದೆ. ಮೊದಲೇ ಅರ್ಧರ್ಧ ಬೆರೆಸಿದ ಕೂಲೆಂಟ್ ಸುರಿದರೆ ಅದು ತೆಳುವಾಗುತ್ತದೆ. ಉದಾಹರಣೆಗೆ ಒಟ್ಟು ಹಿಡಿಯುವುದು 6 ಲೀಟರ್, ಒಳಗೆ ಉಳಿದ ನೀರು 2 ಲೀಟರ್ ಎಂದುಕೊಳ್ಳಿ. ಆಗ ಬೇಕಾದದ್ದು ಬೆರೆಸದ ಕೂಲೆಂಟ್ 3 ಲೀಟರ್, ಅದರ ಮೇಲೆ 1 ಲೀಟರ್ ಬ್ಯಾಟರಿ ನೀರು. ನಿಮ್ಮ ಕಾರಿನ ನಿಜವಾದ ಅಳತೆ ಕೈಪಿಡಿಯಲ್ಲಿದೆ, ಹೊರಬಂದದ್ದನ್ನು ಅಳೆದು ಕಳೆದರೆ ಉಳಿದದ್ದು ಎಷ್ಟು ಎಂದು ತಿಳಿಯುತ್ತದೆ. ಅರ್ಧರ್ಧ ಮಿಶ್ರಣ ಮುಚ್ಚಳದ ಒತ್ತಡವಿಲ್ಲದೆಯೂ ಸುಮಾರು 107 ಡಿಗ್ರಿವರೆಗೆ ಕುದಿಯುವುದಿಲ್ಲ. ನಮ್ಮ ಸೀಮೆಯಲ್ಲಿ ಹಿಮಗಟ್ಟುವ ಭಯವಿಲ್ಲ, ಕೂಲೆಂಟ್ ಏಕೆ ಎನ್ನುವವರಿಗೆ ಇದೊಂದು ಉತ್ತರ, ತುಕ್ಕು ಇನ್ನೊಂದು. ಡಬ್ಬಿ ಕೊಳ್ಳುವಾಗ ಬಣ್ಣ ನೋಡಬೇಡಿ. ಹಸಿರು, ಕೆಂಪು, ನೀಲಿ ಎಂಬುದು ತಯಾರಕರ ಇಷ್ಟ, ಗುಣಮಟ್ಟದ ಗುರುತಲ್ಲ. ಕೈಪಿಡಿ ಹೇಳಿದ ಬಗೆ ಹಾಗೂ ಐಎಸ್ 5759 ಅಥವಾ ಜೆಐಎಸ್ ಕೆ 2234 ಎಂಬ ಮಾನದಂಡ ಡಬ್ಬಿಯ ಮೇಲಿದೆಯೇ ನೋಡಿ.

ಕಾರಿನ ಮೂತಿಯನ್ನು ಏರಿಗೆ ನಿಲ್ಲಿಸಿ, ಹೀಟರ್ ತೆರೆದಿಟ್ಟು, ನಿಧಾನವಾಗಿ ತುಂಬಿ. ಗಾಳಿ ಬಿಡುವ ಸ್ಕ್ರೂ ಇದ್ದಲ್ಲಿ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲಿಸಿಡಿ. ಎಂಜಿನ್ ಬಿಸಿಯಾದ ಮೇಲೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ, ಅಥವಾ ಅರಿಶಿನ ಇನ್ನೂ ಬಿಟ್ಟಿಲ್ಲ.

ಮೊದಲ ಕೆಲವು ನೂರು ಕಿಲೋಮೀಟರ್ ಡಬ್ಬಿಯಲ್ಲಿ ತೆಳುವಾದ ಎಣ್ಣೆ ಪೊರೆ ಮತ್ತೆ ಕಂಡರೆ ಗಾಬರಿ ಬೇಡ. ಮೂಲೆಗಳಲ್ಲಿ ಉಳಿದದ್ದು ಬಿಟ್ಟುಕೊಂಡು ಬರುತ್ತಿರುತ್ತದೆ. ಎಂಜಿನ್ ತಣ್ಣಗಿರುವಾಗ ಟಿಶ್ಯೂ ಕಾಗದವನ್ನು ಮೇಲ್ಮೈಗೆ ಮುಟ್ಟಿಸಿ ಎತ್ತಿದರೆ ಪೊರೆ ಅಂಟಿಕೊಂಡು ಬರುತ್ತದೆ. ಸಾವಿರ ಕಿಲೋಮೀಟರಿನೊಳಗೆ ಕೂಲೆಂಟನ್ನು ಇನ್ನೊಮ್ಮೆ ಬದಲಿಸಲು ಈಗಲೇ ಲೆಕ್ಕ ಹಾಕಿಕೊಳ್ಳಿ. ಹಾಗಾಗಿ ಮೊದಲ ಸಲಕ್ಕೆ ದುಬಾರಿ ಕೂಲೆಂಟ್ ಬೇಡ, ಮಾನದಂಡ ಸರಿಯಿದ್ದರೆ ಸಾಕು.

ದಿನದಿಂದ ದಿನಕ್ಕೆ ಪೊರೆ ಕಡಿಮೆಯಾಗುತ್ತಿದ್ದರೆ ಕೆಲಸ ಮುಗಿಯಿತು. ಕಡಿಮೆಯಾಗದೆ ದಪ್ಪವಾಗುತ್ತಾ, ಡಿಪ್‌ಸ್ಟಿಕ್ಕಿನ ಮಟ್ಟವೂ ಇಳಿಯುತ್ತಿದ್ದರೆ ಮಾತ್ರ ನಿಮ್ಮ ಮೊದಲ ಮೆಕ್ಯಾನಿಕ್ ಬಳಿ ಹೋಗಿ ಹೆಡ್ ಬಿಚ್ಚಿಸಿ. ಆಗ ಗ್ಯಾಸ್ಕೆಟ್ ಬದಲಿಸಿ ಮುಚ್ಚಿಬಿಡಲು ಒಪ್ಪಬೇಡಿ. ಹೆಡ್ಡನ್ನು ಲೇತ್ ಅಂಗಡಿಗೆ ಕಳುಹಿಸಿ ನೇರಪಟ್ಟಿ ಇಟ್ಟು ಬಾಗಿದೆಯೇ ಅಳೆಸಿ, ಬಿಸಿ ನೀರಿನಲ್ಲಿ ಗಾಳಿಯ ಒತ್ತಡ ಕೊಟ್ಟು ಬಿರುಕು ನೋಡಿಸಿ. ಹೆಡ್ ಬೋಲ್ಟುಗಳು ಹೊಸದೇ ಬೇಕು, ಒಮ್ಮೆ ಎಳೆದು ಬಿಗಿದವು ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಬಿಗಿಯುವಾಗ ಟಾರ್ಕ್ ರೆಂಚ್ ಮತ್ತು ಕೋನದ ಅಳತೆ ಎರಡೂ ಇರುವ ಗ್ಯಾರೇಜನ್ನೇ ಆರಿಸಿಕೊಳ್ಳಿ.